ಹೊಗೆ ಹೋಯಿತು, ಬೆಳಕಿಂಡಿಯೂ ಹೋಯಿತು



ಡಂಬಳದ ತೋಂಟದಾರ್ಯ ಮಠದ ಜಾತ್ರೆಯಲ್ಲಿ ನಡೆಯುವ ರೊಟ್ಟಿ ಜಾತ್ರೆಯನ್ನು ಮುಂಡರಗಿ ಸೀಮೆಯ ಭಕ್ತರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಜಾತಿ ಮತಗಳ ಭೇದವಿಲ್ಲದೆ ಜನರು ಕೂಡಿ ಕುಳಿತು ಜೋಳದ ರೊಟ್ಟಿಯ ಪ್ರಸಾದ ಸ್ವೀಕರಿಸುವ ನೋಟ ನಮ್ಮ ಭಾಗದ ಹೆಮ್ಮೆ. ಜಾತ್ರೆ, ಪುರಾಣ ಮಂಗಲ, ದಾಸೋಹಗಳು ಬಂದವೆಂದರೆ ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿಯವರೆಗೆ ಮನೆಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಪಂಕ್ತಿಯಲ್ಲಿ ಕುಳಿತ ನಾವು ರೊಟ್ಟಿ ಎಷ್ಟು ತೆಳುವಾಗಿದೆ, ಎಷ್ಟು ಬೆಳ್ಳಗಿದೆ ಎಂಬುದನ್ನು ನೋಡುತ್ತೇವೆ. ಅದನ್ನು ಬಡಿದು ಬೇಯಿಸಿದ ತಾಯಿ ಆ ಮೂರು ನಾಲ್ಕು ತಾಸು ಎಂಥ ಗಾಳಿಯನ್ನು ಉಸಿರಾಡಿದಳು ಎಂದು ಕೇಳುವವರು ವಿರಳ. ಈ ತಿಂಗಳ ಲೇಖನ ಆ ಗಾಳಿಯನ್ನು ಕುರಿತದ್ದು.

ನಾನೂ ತಪ್ಪಿದ ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ಬೆಟಗೇರಿಯ ಒಬ್ಬ ತಾಯಿ ತಲೆನೋವೆಂದು ನನ್ನಲ್ಲಿಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಹಣೆ ಸಿಡಿಯುವುದು, ಓಕರಿಕೆ, ತಲೆ ತಿರುಗುವುದು, ಕಾಲಲ್ಲಿ ಬಲವಿಲ್ಲದಂತಾಗುವುದು ಅವರ ದೂರುಗಳಾಗಿದ್ದವು. ನಾಡಿ ನೋಡಿದೆ, ನಾಲಿಗೆ ನೋಡಿದೆ, ಪಿತ್ತಪ್ರಕೋಪವೆಂದು ನಿರ್ಣಯಿಸಿ ಔಷಧ ಕೊಟ್ಟು ಪಥ್ಯ ಹೇಳಿದೆ. ಒಂದೂವರೆ ತಿಂಗಳಾದರೂ ಗುಣ ಕಾಣಲಿಲ್ಲ. ಮತ್ತೊಮ್ಮೆ ಬಂದಾಗ ಅವರೇ ಒಂದು ಮಾತು ಹೇಳಿದರು: “ತವರಿಗೆ ಹೋದ್ರ ನೋವು ಇರೂದಿಲ್ರೀ ಡಾಕ್ಟರ್, ಮನಿಗೆ ಬಂದ ಮರುದಿನಾನ ಸುರು ಆಗ್ತೈತಿ.”

ಮನೆಯಲ್ಲಿ ಏನು ಕೆಲಸವೆಂದು ಆಗ ಕೇಳಿದೆ. ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡುವುದು ಅವರ ಕಾಯಕ. ಬೆಳಗಿನಿಂದ ಮಧ್ಯಾಹ್ನದವರೆಗೆ ಎರಡು ಬರ್ನರುಗಳ ಮೇಲೆ ಎರಡು ಹಂಚು. ಅಡುಗೆಮನೆಗೆ ಇದ್ದ ಒಂದೇ ಕಿಟಕಿಯನ್ನು ಧೂಳು ಮತ್ತು ಇಲಿಗಳ ಕಾಟಕ್ಕೆ ಹಲಗೆ ಬಡಿದು ಮುಚ್ಚಿದ್ದರು. ಹಂಚಿನ ತಳ ಕಪ್ಪಾಗುತ್ತಿತ್ತು, ಜ್ವಾಲೆ ಹಳದಿಯಾಗಿ ಉರಿಯುತ್ತಿತ್ತು. ಹಲಗೆ ಕಿತ್ತು ಜಾಳಿಗೆ ಹಾಕಿಸಿದರು, ಬರ್ನರ್ ಸ್ವಚ್ಛ ಮಾಡಿಸಿದರು, ಹಿತ್ತಿಲ ಬಾಗಿಲನ್ನು ತೆರೆದಿಟ್ಟು ರೊಟ್ಟಿ ಮಾಡತೊಡಗಿದರು. ಎರಡು ವಾರಗಳಲ್ಲಿ ತಲೆನೋವು ನಿಂತಿತು. ಔಷಧವನ್ನು ನಾನೇ ನಿಲ್ಲಿಸಿದೆ. ರೋಗಿಯ ಆಹಾರ, ನಿದ್ರೆ, ಮಲಮೂತ್ರಗಳನ್ನೆಲ್ಲ ವಿಚಾರಿಸಿದ್ದ ನಾನು ಅವರ ಒಲೆ ಮತ್ತು ಕಿಟಕಿಯನ್ನು ವಿಚಾರಿಸಿರಲಿಲ್ಲ. ಅಂದಿನಿಂದ ತಲೆನೋವು, ಕೆಮ್ಮು, ದಮ್ಮು ಎಂದು ಬರುವ ಪ್ರತಿಯೊಬ್ಬ ತಾಯಿಗೂ ನನ್ನ ಮೊದಲ ಪ್ರಶ್ನೆ, “ಅಡುಗೆಮನೆಯ ಕಿಟಕಿ ಎಲ್ಲಿದೆ?” ಎಂಬುದು.

ಮಾಳಿಗೆಯ ಮನೆಯಿಂದ ಸ್ಲ್ಯಾಬಿನ ಮನೆಗೆ

ನಮ್ಮ ಹಿರಿಯರ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಕಿಟಕಿಗಳು ಕಡಿಮೆ. ಆದರೆ ಒಲೆಯ ನೇರಕ್ಕೆ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಬಿಸಿಯಾದ ಹೊಗೆ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು, ಬಾಗಿಲಿನಿಂದ ತಂಪು ಗಾಳಿ ಒಳಗೆ ಬರುತ್ತಿತ್ತು. ಇಷ್ಟಾದರೂ ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆಯ ಹೊಗೆ ನಮ್ಮ ತಾಯಂದಿರ ಕಣ್ಣು ಮತ್ತು ಶ್ವಾಸಕೋಶಗಳನ್ನು ಬಹಳವಾಗಿ ಕಾಡಿದ್ದು ನಿಜ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದ್ದರಿಂದ ಅನಿಲ ಒಲೆ ಬಂದದ್ದು ದೊಡ್ಡ ಉಪಕಾರವೇ ಸರಿ. 2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾದ ಮೇಲೆ ಹಳ್ಳಿಯ ಬಡ ಮನೆಗಳಿಗೂ ಸಿಲಿಂಡರ್ ತಲುಪಿತು. ಅನಿಲ ಬಿಟ್ಟು ಕಟ್ಟಿಗೆಗೆ ಮರಳಿರೆಂದು ಈ ಲೇಖನ ಹೇಳುವುದಿಲ್ಲ.

ಆದರೆ ಇದೇ ಅವಧಿಯಲ್ಲಿ ಮತ್ತೊಂದು ಬದಲಾವಣೆಯೂ ಆಯಿತು. ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸಿದೆವು. ಹೊಗೆಯೇ ಇಲ್ಲವೆಂದ ಮೇಲೆ ಬೆಳಕಿಂಡಿ ಏಕೆ ಎಂದು ಅದನ್ನು ಬಿಟ್ಟೆವು. ಎರಡೂ ಮಗ್ಗುಲಿಗೆ ನೆರೆಮನೆಯ ಗೋಡೆಯಿರುವ ಓಣಿಗಳಲ್ಲಿ ಅಡುಗೆಮನೆ ಮನೆಯ ನಡುವೆಯೋ, ಮೆಟ್ಟಿಲ ಕೆಳಗೋ ಸೇರಿಕೊಂಡಿತು. ಕಣ್ಣಿಗೆ ಕಾಣುವ ಹೊಗೆ ಹೋಯಿತು. ಅದರೊಂದಿಗೆ ಗಾಳಿಯ ದಾರಿಯೂ ಹೋಯಿತು. ಬೆಂಕಿ ಮಾತ್ರ ತನ್ನ ಧರ್ಮವನ್ನು ಬಿಟ್ಟಿಲ್ಲ. ಅದು ಇಂದಿಗೂ ಗಾಳಿಯನ್ನು ಉಂಡು, ಉಂಡದ್ದನ್ನು ಬೇರೆ ರೂಪದಲ್ಲಿ ಹೊರಹಾಕುತ್ತದೆ.

ಜ್ವಾಲೆ ಉಣ್ಣುವುದೆಷ್ಟು, ಬಿಡುವುದೇನು?

ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಅನಿಲಗಳ ಮಿಶ್ರಣ. ಇದರ ಒಂದು ಕೆ.ಜಿ. ಪೂರ್ಣವಾಗಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆಯಲ್ಲಿರುವ ಗಾಳಿ ಸುಮಾರು 22 ಘನ ಮೀಟರ್. ಎರಡು ಬರ್ನರುಗಳನ್ನು ಮೂರು ತಾಸು ಉರಿಸಿದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಅನಿಲ ಖರ್ಚಾಗುತ್ತದೆ. ಎಂದರೆ ಕೋಣೆಯ ಗಾಳಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಒಲೆಗೇ ಬೇಕಾಗುತ್ತದೆ. ಹೊಸ ಗಾಳಿ ಬಾರದಿದ್ದರೆ ಒಲೆಯೂ ತಾಯಿಯೂ ಒಂದೇ ಗಾಳಿಗಾಗಿ ಪೈಪೋಟಿ ಮಾಡಬೇಕಾಗುತ್ತದೆ.

ಉರಿದ ಮೇಲೆ ಆ ಒಂದು ಕೆ.ಜಿ.ಯಿಂದ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಾಗೂ ಒಂದೂವರೆ ಲೀಟರಿಗೂ ಮಿಕ್ಕಿದ ನೀರಿನ ಆವಿ ಹುಟ್ಟುತ್ತವೆ. ಗೋಡೆಯ ಮೂಲೆಗಳಲ್ಲಿ ಬೂಷ್ಟು ಹಿಡಿಯಲು ಈ ಆವಿಯೂ ಒಂದು ಕಾರಣ. ಜ್ವಾಲೆಯ ಹೆಚ್ಚು ಶಾಖದಲ್ಲಿ ಗಾಳಿಯೊಳಗಿನ ಸಾರಜನಕವೇ ಉರಿದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಇದು ಶ್ವಾಸನಾಳಗಳನ್ನು ಕೆರಳಿಸುವ ಅನಿಲ. ದಮ್ಮಿನ ತೊಂದರೆಯಿರುವ ಮಕ್ಕಳಿಗೆ ಹೆಚ್ಚು ಬಾಧಕ. ವಗ್ಗರಣೆ ಹಾಕುವಾಗ, ಮಿರ್ಚಿ ಭಜಿ ಕರಿಯುವಾಗ ಎಣ್ಣೆಯಿಂದೇಳುವ ಸೂಕ್ಷ್ಮ ಕಣಗಳು ಇದಕ್ಕೆ ಸೇರಿಕೊಳ್ಳುತ್ತವೆ. ಒಲೆ ಯಾವುದೇ ಇರಲಿ, ಕಾದ ಎಣ್ಣೆಯ ಹೊಗೆ ತಪ್ಪುವುದಿಲ್ಲ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಇಂಗಾಲದ ಮೊನಾಕ್ಸೈಡ್. ಗಾಳಿ ಸಾಲದೆ ಹೋದಾಗ, ಬರ್ನರಿನ ರಂಧ್ರಗಳು ಕಟ್ಟಿಕೊಂಡಾಗ ಅನಿಲ ಅಪೂರ್ಣವಾಗಿ ಉರಿದು ಇದು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಮಂಕು. ಪ್ರಮಾಣ ಹೆಚ್ಚಿದರೆ ಮೂರ್ಛೆ, ಮರಣ. ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಸಾಮಾನ್ಯ ಯಂತ್ರ ಇಂಥ ರೋಗಿಯಲ್ಲಿಯೂ ಸರಿಯಾದ ಅಂಕಿಯನ್ನೇ ತೋರಿಸಿ ನಮ್ಮನ್ನು ಮೋಸಗೊಳಿಸುತ್ತದೆ. ಮನೆಮಂದಿಗೆಲ್ಲ ಒಂದೇ ಸಮಯಕ್ಕೆ ತಲೆನೋವು ಬಂದರೆ, ಹೊರಗೆ ಹೋದಾಗ ಕಡಿಮೆಯಾದರೆ, ಮೊದಲು ಒಲೆಯನ್ನು ಸಂಶಯಿಸಬೇಕು.

ಆಯುರ್ವೇದದ ದೃಷ್ಟಿ

ನಮ್ಮ ಆಚಾರ್ಯರು ಈ ವಿಷಯವನ್ನು ಉಪೇಕ್ಷಿಸಿಲ್ಲ. ಚರಕ ಸಂಹಿತೆಯ ಶ್ವಾಸ ಚಿಕಿತ್ಸೆಯ ಅಧ್ಯಾಯವು ಧೂಳು, ಹೊಗೆ, ಗಾಳಿಗಳನ್ನು ಶ್ವಾಸರೋಗದ ಕಾರಣಗಳಲ್ಲಿ ಎಣಿಸುತ್ತದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ಹೊಗೆಯಿಂದ ಪೀಡಿತನಾದವನ ಲಕ್ಷಣಗಳು ವಿವರವಾಗಿವೆ. ಏದುಸಿರು, ಸೀನು, ಕೆಮ್ಮು, ಕಣ್ಣುರಿ, ವಾಸನೆ ತಿಳಿಯದಿರುವುದು, ಬಾಯಾರಿಕೆ, ಮೂರ್ಛೆ ಇವೆಲ್ಲವನ್ನೂ ಅಲ್ಲಿ ಹೇಳಿದೆ.

ಇನ್ನೂ ಉಪಯುಕ್ತವಾದ ಮಾತು ಚರಕ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿದೆ. ಚಿಕಿತ್ಸೆಗೆಂದು ಕಟ್ಟುವ ಮನೆ ಹೇಗಿರಬೇಕೆಂದು ಹೇಳುವಾಗ, ಬಿರುಗಾಳಿ ನೇರವಾಗಿ ನುಗ್ಗಬಾರದು, ಆದರೂ ಒಂದು ಭಾಗದಲ್ಲಿ ಗಾಳಿ ಧಾರಾಳವಾಗಿ ಆಡಬೇಕು, ಹೊಗೆ ಧೂಳುಗಳು ಸೋಕಬಾರದು ಎಂಬ ಆಶಯವನ್ನು ಆಚಾರ್ಯರು ಮುಂದಿಡುತ್ತಾರೆ. ಆ ಮನೆಯ ಅಂಗಗಳಲ್ಲಿ ಅಡುಗೆಮನೆಯೂ ಸೇರಿದೆ. ಜ್ವಾಲೆಯ ಮೇಲೆ ಗಾಳಿ ಬೀಸಬಾರದು, ಕೋಣೆಯ ಗಾಳಿ ನಿಲ್ಲಲೂಬಾರದು: ಇಂದಿನ ಎಂಜಿನಿಯರರು ಅಡುಗೆಮನೆಗೆ ಹೇಳುವ ಸೂತ್ರವೂ ಇದೇ.

ಗಾಳಿಗೆ ಎರಡು ದಾರಿ

ಗಾಳಿ ಬರಲು ಒಂದು ದಾರಿ, ಹೋಗಲು ಒಂದು ದಾರಿ ಬೇಕು. ಒಂದೇ ಕಿಂಡಿ ಎರಡೂ ಕೆಲಸವನ್ನು ಸರಿಯಾಗಿ ಮಾಡಲಾರದು. ಬರುವ ದಾರಿ ಕೆಳಗಿರಲಿ: ಹಿತ್ತಿಲ ಬಾಗಿಲು, ಬಾಗಿಲ ಕೆಳಗಿನ ಸಂದು ಅಥವಾ ನೆಲಮಟ್ಟದ ಜಾಳಿಗೆ. ಹೋಗುವ ದಾರಿ ಮೇಲಿರಲಿ, ಒಲೆಗೆ ಹತ್ತಿರವಿರಲಿ. ಬಿಸಿ ಗಾಳಿ ತಾನಾಗಿ ಮೇಲೇರುತ್ತದೆ; ನಾವು ಅದಕ್ಕೆ ದಾರಿ ಬಿಟ್ಟರೆ ಸಾಕು. ಹೊಸ ಮನೆ ಕಟ್ಟಿಸುವವರು ನೆನಪಿಡಬೇಕಾದದ್ದು: ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅಡುಗೆಮನೆಗೆ ನೇರವಾಗಿ ಬಯಲಿಗೆ ತೆರೆಯುವ ಕನಿಷ್ಠ 1 ಚದರ ಮೀಟರಿನ ಕಿಟಕಿ ಇರಬೇಕು. ನಕ್ಷೆ ಬರೆಯುವ ದಿನವೇ ಇದನ್ನು ಎಂಜಿನಿಯರರಿಗೂ ಗೌಂಡಿಗೂ ಹೇಳಿರಿ.

ಕಿಟಕಿಗೆ ಅವಕಾಶವಿಲ್ಲದ ಮನೆಗಳಿಗೆ ಎಕ್ಸಾಸ್ಟ್ ಫ್ಯಾನ್ ಒಳ್ಳೆಯ ಉಪಾಯ. ಗಂಟೆಗೆ 15 ಬಾರಿಯಾದರೂ ಕೋಣೆಯ ಗಾಳಿ ಬದಲಾಗಬೇಕೆಂದು ಲೆಕ್ಕ ಹಿಡಿದರೆ, ಮೇಲೆ ಹೇಳಿದ 22 ಘನ ಮೀಟರಿನ ಕೋಣೆಗೆ ಗಂಟೆಗೆ ಸುಮಾರು 330 ಘನ ಮೀಟರ್ ಗಾಳಿ ಎಳೆಯುವ ಫ್ಯಾನ್ ಬೇಕು. ಪೆಟ್ಟಿಗೆಯ ಮೇಲೆ ಈ ಅಂಕಿ ಮುದ್ರಿತವಾಗಿರುತ್ತದೆ. ಬೆಲೆಯೊಂದಿಗೆ ಅದನ್ನೂ ನೋಡಿ ಕೊಳ್ಳಬೇಕು. ಫ್ಯಾನ್ ತಿರುಗುವಾಗ ಗಾಳಿ ಒಳಬರುವ ದಾರಿ ತೆರೆದಿರಲೇಬೇಕು. ಎಲ್ಲ ಬಾಗಿಲು ಮುಚ್ಚಿ ಫ್ಯಾನ್ ಹಾಕಿದರೆ ಅದು ಸಪ್ಪಳ ಮಾಡುತ್ತದೆಯೇ ಹೊರತು ಗಾಳಿಯನ್ನು ಎಳೆಯುವುದಿಲ್ಲ. ಫ್ಯಾನಿನ ಮಗ್ಗುಲಲ್ಲೇ ಕಿಟಕಿ ತೆರೆದರೂ ಪ್ರಯೋಜನವಿಲ್ಲ: ಗಾಳಿ ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗುತ್ತದೆ, ಒಲೆಯ ಹತ್ತಿರ ಸುಳಿಯುವುದಿಲ್ಲ. ಒಲೆ ಹಚ್ಚುವಾಗಲೇ ಫ್ಯಾನ್ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ಹದಿನೈದು ನಿಮಿಷ ಬಿಡಬೇಕು. ಜಿಡ್ಡು ಹಿಡಿದ ಅಲಗುಗಳನ್ನು ತಿಂಗಳಿಗೊಮ್ಮೆ ತೊಳೆಯಬೇಕು.

ಚಿಮಣಿ ಕೊಳ್ಳುವವರು ಅದರ ಕೊಳವೆ ಗೋಡೆಯಾಚೆಗೆ ಹೋಗುತ್ತದೆಯೇ ಎಂದು ನೋಡಬೇಕು. ಕೊಳವೆಯಿಲ್ಲದೆ ಗಾಳಿಯನ್ನು ಸೋಸಿ ಮತ್ತೆ ಕೋಣೆಗೇ ಬಿಡುವ ಚಿಮಣಿಗಳು ಜಿಡ್ಡನ್ನು ಹಿಡಿಯುತ್ತವೆ, ವಾಸನೆಯನ್ನು ತಗ್ಗಿಸುತ್ತವೆ. ಮೊನಾಕ್ಸೈಡನ್ನೂ ನೀರಾವಿಯನ್ನೂ ಹೊರಹಾಕುವುದಿಲ್ಲ.

ನಮ್ಮ ಸೀಮೆಯ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಮನೆಗಳಿಗೂ ನುಗ್ಗುತ್ತದೆ. ಜ್ವಾಲೆ ಆರುತ್ತದೆ, ಧೂಳು ಬರುತ್ತದೆ ಎಂದು ಕಿಟಕಿ ಮುಚ್ಚುವುದು ಆಗಲೇ. ಒಲೆಯನ್ನು ಕಿಟಕಿಯ ನೇರಕ್ಕಿಡದೆ ಮಗ್ಗುಲಿಗೆ ಸರಿಸಿದರೆ, ಕೆಳಗಿನ ಕದ ಮುಚ್ಚಿ ಮೇಲಿನದನ್ನು ತೆರೆದರೆ, ಜ್ವಾಲೆಯೂ ಉಳಿಯುತ್ತದೆ, ಗಾಳಿಯೂ ಆಡುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಸಾಧ್ಯವಾದಷ್ಟು ಪಡುವಣ ಗೋಡೆಗೆ ಕೂಡಿಸಬಾರದು. ಎದುರುಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ.

ಸೋರಿದ ಅನಿಲ ನೆಲ ಹಿಡಿಯುತ್ತದೆ

2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ನಡೆದ ದುರಂತ ಓದುಗರ ನೆನಪಿನಲ್ಲಿರಬಹುದು. ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ಸಿಲಿಂಡರಿನಿಂದ ಅನಿಲ ಸೋರಿ ಬೆಂಕಿ ಹೊತ್ತಿತು. ಸುಟ್ಟ ಗಾಯಗಳಾದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಚಿಕಿತ್ಸೆ ಫಲಿಸದೆ ತೀರಿಕೊಂಡರು. ವ್ರತ ಹಿಡಿದು ದೇವರ ಸನ್ನಿಧಿಯಲ್ಲಿ ಮಲಗಿದ್ದವರು ಅವರು. ಭಕ್ತಿಯಿರುವಲ್ಲಿಯೂ ಎಚ್ಚರ ಬೇಕೆಂಬುದನ್ನು ಆ ಮನೆಗಳ ದುಃಖ ನಮಗೆ ನೆನಪಿಸುತ್ತದೆ.

ಸಿಲಿಂಡರಿನ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಅದು ಮೇಲೇರದೆ ನೆಲದ ಮೇಲೆ ಹರಡಿ, ತಗ್ಗಿನಲ್ಲಿ, ಕಟ್ಟೆಯ ಕೆಳಗೆ ನಿಲ್ಲುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಶೇಕಡಾ 2ರಷ್ಟಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮೇಲಿನ ಬೆಳಕಿಂಡಿಯೊಂದೇ ಸಾಲದು. ನೆಲಮಟ್ಟದಲ್ಲಿ ಬಯಲಿಗೆ ತೆರೆಯುವ, ಇಲಿ ಹುಳು ಬಾರದಂತೆ ಜಾಳಿಗೆ ಹಾಕಿದ, ಒಂದೆರಡು ಇಟ್ಟಿಗೆಯಷ್ಟು ದೊಡ್ಡ ಕಿಂಡಿ ಬೇಕು. ಅದು ಗಟಾರಿನ ಬಾಯಿಗೆ ತೆರೆಯಬಾರದು. ಕಟ್ಟೆಯ ಕೆಳಗೆ ಸಿಲಿಂಡರಿಗೆ ಬಾಗಿಲು ಹಾಕಿಸಿದವರು ಆ ಬಾಗಿಲಿನ ಕೆಳಭಾಗದಲ್ಲಿ ರಂಧ್ರಗಳನ್ನು ಬಿಡಿಸಬೇಕು. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ರಬ್ಬರ್ ಪೈಪು ಒಂದೂವರೆ ಮೀಟರಿಗಿಂತ ಉದ್ದವಿರಬಾರದು, ಐದು ವರ್ಷಕ್ಕೊಮ್ಮೆ ಬದಲಾಗಬೇಕು. ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಮಾಡಬೇಕು. ಸಿಲಿಂಡರ್ ಇರುವ ಕೋಣೆಯಲ್ಲಿ ಯಾರೂ ಮಲಗಬಾರದು.

ವಾಸನೆ ಬಂದಾಗ ಮಾಡಬೇಕಾದದ್ದು ಇಷ್ಟು: ಉರಿಯುವ ಒಲೆ, ದೀಪ, ಊದುಬತ್ತಿಗಳನ್ನು ಆರಿಸಿರಿ. ರೆಗ್ಯುಲೇಟರ್ ಬಂದ್ ಮಾಡಿರಿ. ಬಾಗಿಲು ಕಿಟಕಿಗಳನ್ನು ತೆರೆದು ಎಲ್ಲರೂ ಹೊರಗೆ ಬನ್ನಿರಿ. ಹೊರಗೆ ಬಂದ ಮೇಲೆ 1906 ಸಂಖ್ಯೆಗೆ ಕರೆ ಮಾಡಿರಿ. ಆ ಹೊತ್ತಿನಲ್ಲಿ ಲೈಟಿನ ಗುಂಡಿಯನ್ನಾಗಲಿ ಎಕ್ಸಾಸ್ಟ್ ಫ್ಯಾನಿನ ಗುಂಡಿಯನ್ನಾಗಲಿ ಒತ್ತಬಾರದು, ಹಾಕಿದ್ದನ್ನು ಆರಿಸಲೂಬಾರದು. ಅನಿಲ ಹೋಗಲೆಂದು ಫ್ಯಾನ್ ಹಾಕಲು ಹೋಗಿ ಆ ಗುಂಡಿಯ ಕಿಡಿಯಿಂದಲೇ ಬೆಂಕಿ ಹೊತ್ತಬಹುದು.

ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಲ್ಲಿ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ; ಅದು ಸೂರಿನ ಕೆಳಗೆ ಸೇರುತ್ತದೆ. ಅಲ್ಲಿರುವ ನಿಮ್ಮ ಮಕ್ಕಳ ಮನೆಗೆ ಮೇಲಿನ ಕಿಂಡಿಯೇ ಮುಖ್ಯವೆಂದು ತಿಳಿಸಿರಿ.

ಸ್ನಾನದ ಮನೆ, ಬಾಣಂತಿಯ ಕೋಣೆ

ಅಡುಗೆಮನೆಯ ನಿಯಮವೇ ಬೆಂಕಿಯಿರುವ ಎಲ್ಲ ಕೋಣೆಗಳಿಗೂ ಅನ್ವಯಿಸುತ್ತದೆ. ಗ್ಯಾಸ್ ಗೀಜರನ್ನು ಸ್ನಾನದ ಮನೆಯೊಳಗೆ ಎಂದಿಗೂ ಕೂಡಿಸಬಾರದು. ಚಿಕ್ಕ ಕೋಣೆ, ಮುಚ್ಚಿದ ಬಾಗಿಲು, ದೊಡ್ಡ ಜ್ವಾಲೆ: ಮೊನಾಕ್ಸೈಡ್ ತುಂಬಲು ಕೆಲವೇ ನಿಮಿಷ ಸಾಕು. ಗೀಜರ್ ಹೊರಗಿನ ಬಯಲು ಗೋಡೆಗಿರಲಿ, ನೀರಷ್ಟೇ ಒಳಗೆ ಬರಲಿ.

ಬಾಣಂತಿಗೆ ಬೆಚ್ಚಗಿರಲೆಂದು ಕಿಟಕಿಗೆ ಬಟ್ಟೆ ತುರುಕಿ, ಕೋಣೆಯೊಳಗೆ ಕೆಂಡವಿಡುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಕೆಂಡಕ್ಕೆ ಹೊಗೆಯಿಲ್ಲವೆಂದು ನಂಬುತ್ತಾರೆ. ಮೊನಾಕ್ಸೈಡ್ ಹೆಚ್ಚಾಗಿ ಹುಟ್ಟುವುದು ಕೆಂಡದಿಂದಲೇ, ಮೊದಲು ಬಾಧೆಗೊಳಗಾಗುವುದು ಕೂಸು. ಬಾಣಂತಿಗೆ ಕಾಪು ಕೊಡುವುದನ್ನು ಆಯುರ್ವೇದ ಒಪ್ಪುತ್ತದೆ. ಆದರೆ ಕಿಟಕಿ ತೆರೆದಿರಬೇಕು, ಕಾಪು ಮುಗಿದೊಡನೆ ಕೆಂಡ ಹೊರಗೆ ಹೋಗಬೇಕು.

ಯಾರಾದರೂ ಇಂಥ ಕೋಣೆಯಲ್ಲಿ ಮಂಕಾಗಿ ಬಿದ್ದರೆ ಮೊದಲು ಬಾಗಿಲು ತೆರೆದು ಅವರನ್ನು ಬಯಲಿಗೆ ತರಬೇಕು, 108ಕ್ಕೆ ಕರೆ ಮಾಡಬೇಕು, ಆಮ್ಲಜನಕವಿರುವ ಆಸ್ಪತ್ರೆಗೆ ಒಯ್ಯಬೇಕು. ಆ ಘಳಿಗೆಯಲ್ಲಿ ಕಷಾಯ ಕುದಿಸುತ್ತ, ಎಣ್ಣೆ ತಿಕ್ಕುತ್ತ ಕುಳಿತುಕೊಳ್ಳಬಾರದೆಂದು ಒಬ್ಬ ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ನಾಳೆ ಬೆಳಿಗ್ಗೆ ಒಂದು ಪರೀಕ್ಷೆ

ಯಂತ್ರವಿಲ್ಲದೆ, ಖರ್ಚಿಲ್ಲದೆ ನಿಮ್ಮ ಅಡುಗೆಮನೆಯನ್ನು ನೀವೇ ಪರೀಕ್ಷಿಸಬಹುದು. ಜ್ವಾಲೆ ನೀಲಿಯಾಗಿದೆಯೇ? ಹಳದಿಯಾಗಿದ್ದರೆ, ಪಾತ್ರೆಯ ತಳಕ್ಕೆ ಮಸಿ ಹತ್ತಿದರೆ, ಬರ್ನರ್ ತೊಳೆದು ಒಣಗಿಸಿ ನೋಡಿರಿ. ಮತ್ತೆ ಹಾಗೆಯೇ ಆದರೆ ದುರಸ್ತಿ ಮಾಡಿಸಿರಿ. ಮೆಣಸಿನಕಾಯಿ ವಗ್ಗರಣೆ ಹಾಕಿದಾಗ ಘಾಟು ಪಡಸಾಲೆಗೆ ಬಂದು ಮನೆಮಂದಿ ಸೀನುತ್ತಾರೆಯೇ? ಹಾಗಾದರೆ ಗಾಳಿಗೆ ಹೊರಗೆ ಹೋಗುವ ದಾರಿಯಿಲ್ಲ. ಅನಿಲದ ವಾಸನೆಯಿಲ್ಲದ ಹೊತ್ತಿನಲ್ಲಿ, ಒಲೆ ಆರಿಸಿ, ಒಂದು ಊದುಬತ್ತಿಯನ್ನು ಒಲೆಯ ಹತ್ತಿರ ಹಿಡಿಯಿರಿ. ಹೊಗೆ ಫ್ಯಾನಿನ ಕಡೆಗೋ ಮೇಲಿನ ಕಿಂಡಿಯ ಕಡೆಗೋ ಹರಿದರೆ ಒಳ್ಳೆಯದು. ಅಲ್ಲಿಯೇ ಸುತ್ತಿದರೆ ನಿಮ್ಮ ಮನೆಯ ತಾಯಿ ದಿನವೂ ಅದೇ ಗಾಳಿಯಲ್ಲಿ ನಿಂತಿದ್ದಾಳೆ ಎಂದು ತಿಳಿಯಿರಿ.

ಮಠಗಳ ದಾಸೋಹದ ಮನೆಗಳಲ್ಲಿ, ಜಾತ್ರೆಯ ಪೆಂಡಾಲುಗಳಲ್ಲಿ ಸೇವೆ ಮಾಡುವ ಬಂಧುಗಳಿಗೂ ಇದೇ ಬಿನ್ನಹ. ದೊಡ್ಡ ಬಟ್ಟಿಗಳಿಗೆ ದೊಡ್ಡ ಗಾಳಿ ಬೇಕು. ನಾಲ್ಕೂ ಕಡೆ ತಗಡು ಮುಚ್ಚಿ ಒಳಗೆ ಬಟ್ಟಿ ಹಚ್ಚಬಾರದು. ಸಿಲಿಂಡರುಗಳು ಜ್ವಾಲೆಯಿಂದ ದೂರ, ಬಯಲಿನಲ್ಲಿರಲಿ. ರೊಟ್ಟಿ ಬಡಿಯುವವರು ತಾಸಿಗೊಮ್ಮೆ ಸರದಿ ಬದಲಿಸಲಿ.

ಕಾಯಕ ಮಾಡುವ ಕೈ ದಣಿಯಬಹುದು. ಆ ಕಾಯಕವೇ ಉಸಿರನ್ನು ಕಸಿಯುವಂತೆ ಆಗಬಾರದು. ಹಿರಿಯರು ಮಾಳಿಗೆಯಲ್ಲಿ ಬಿಟ್ಟಿದ್ದ ಆ ಒಂದು ಗೇಣು ಬಯಲನ್ನು ನಮ್ಮ ಹೊಸ ಮನೆಯ ಗೋಡೆಯಲ್ಲಿ ಮತ್ತೆ ತೆರೆಯೋಣ. ಮುಂದಿನ ಜಾತ್ರೆಗೆ ರೊಟ್ಟಿ ಬಡಿಯುವ ಮುನ್ನ ಒಬ್ಬ ಗೌಂಡಿಯನ್ನು ಕರೆಸಿದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ ಅದು.